ಶೆಡ್ ಮಕ್ಕಳು, ಊರ ಮಕ್ಕಳು, ಒಂದೇ ಕಬಡ್ಡಿ ಅಂಕಣ: ಹದಿನಾಲ್ಕು ವಾರದ ಲೆಕ್ಕ

ಜಾಗ: ಬೆಂಗಳೂರಿನ ಪೂರ್ವಕ್ಕೆ, ವರ್ತೂರು–ಸರ್ಜಾಪುರದ ನಡುವೆ, ಶಾಲೆಯ ಪಕ್ಕದ ಖಾಲಿ ಜಮೀನು. ಆಡುವವರು 9ರಿಂದ 16 ವರ್ಷದವರು. ಅರ್ಧದಷ್ಟು ಊರ ಮಕ್ಕಳು, ಉಳಿದವರು ಕಟ್ಟಡ ಕೆಲಸದ ಲೇಬರ್ ಶೆಡ್‌ಗಳಿಂದ ಬರುವವರು: ಯಾದಗಿರಿ, ರಾಯಚೂರು, ಪಶ್ಚಿಮ ಬಂಗಾಳ, ಒಡಿಶಾ, ನೇಪಾಳ. ಶುರು ಮಾಡಿದ್ದು ಸಂಕ್ರಾಂತಿ ಕಳೆದ ಭಾನುವಾರ.

ಆಟ ಕಬಡ್ಡಿ. ಕ್ರಿಕೆಟ್ ಬೇಡವೆಂದದ್ದಕ್ಕೆ ಕಾರಣ ಸರಳ. ಬ್ಯಾಟು ಯಾರದೋ ಆಟ ಅವರದು, ಮತ್ತು ಬ್ಯಾಟು ಯಾವಾಗಲೂ ಊರ ಹುಡುಗರದೇ. ಶೆಡ್ಡಿನ ಮಕ್ಕಳು ಬೌಂಡರಿಯಾಚೆ ಚೆಂಡು ಹೆಕ್ಕುವುದರಲ್ಲೇ ಸಂಜೆ ಕಳೆಯುತ್ತಾರೆ. ಕಬಡ್ಡಿಗೆ ಸಾಮಾನು ಬೇಡ. ಬಂಗಾಳದ ಮಕ್ಕಳಿಗೆ ಅದು ಹಾ-ಡು-ಡು, ತೆಲುಗು ಬಲ್ಲವರಿಗೆ ಚೆಡುಗುಡು. ಎಲ್ಲಕ್ಕಿಂತ ಮುಖ್ಯವಾಗಿ, ಔಟಾದವನಿಗೆ ಜೀವ ಬರಬೇಕಾದರೆ ಅವನ ತಂಡದ ಇನ್ಯಾರೋ ಅಂಕ ತರಬೇಕು. ಹೊರಗೆ ಕೂತ ಹುಡುಗ ತಾನು ನಿನ್ನೆವರೆಗೆ ಮಾತಾಡಿಸದವನಿಗಾಗಿ ಗಂಟಲು ಹರಿಯುವಂತೆ ಕೂಗುವುದು ಈ ಒಂದು ನಿಯಮದಿಂದ.

ವಾರ 1–2: ನೆಲ

ಕಟ್ಟಡಗಳ ಪಕ್ಕದ ಜಮೀನಿನಲ್ಲಿ ಕಲ್ಲಿಗಿಂತ ಕಬ್ಬಿಣದ ಕಾಟ ಹೆಚ್ಚು. ಬೈಂಡಿಂಗ್ ವೈರಿನ ತುಂಡು, ಮೊಳೆ, ಟೈಲ್ಸ್ ಚೂರು. ಕೈಯಿಂದ ಆರಿಸಿದರೆ ಮುಗಿಯುವುದಿಲ್ಲ. ಗುಜರಿಯಲ್ಲಿ ಸಿಗುವ ಹಳೇ ಸ್ಪೀಕರಿನ ಮ್ಯಾಗ್ನೆಟ್ ನಾಲ್ಕನ್ನು ಒಂದು ರೀಪರಿಗೆ ಕಟ್ಟಿ, ನೆಲಕ್ಕೆ ಒಂದು ಇಂಚು ಮೇಲಿರುವಂತೆ ಹಗ್ಗದಲ್ಲಿ ಎಳೆಯಬೇಕು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಮಳೆ ಬಿದ್ದ ಮೇಲೆ ಮತ್ತೆ ಎಳೆಯಬೇಕು, ಹೂತಿದ್ದದ್ದು ಮೇಲೆ ಬಂದಿರುತ್ತದೆ. ಟೈಲ್ಸ್ ಮತ್ತು ಗಾಜಿಗೆ ಮ್ಯಾಗ್ನೆಟ್ ಉಪಯೋಗಕ್ಕಿಲ್ಲ, ಅಲ್ಲಿ ಬಲೆ ಹಾಕಿ ಮಣ್ಣು ಜರಡಿ ಹಿಡಿಯುವುದೊಂದೇ ದಾರಿ.

ಅಂಕಣ 12 × 8 ಮೀಟರ್, ಮಹಿಳೆಯರ ಮತ್ತು ಜೂನಿಯರ್ ಅಳತೆ. ಎರಡೂ ಪಕ್ಕದ ಒಂದೊಂದು ಮೀಟರ್ ಲಾಬಿ (ಅಂಚಿನ ಪಟ್ಟಿ) ಇದರೊಳಗೇ ಸೇರಿದೆ. ಮೂಲೆಗಳು ನೇರವಾಗಿವೆಯೇ ಎಂದು ನೋಡಲು ಕರ್ಣ ಅಳೆದರೆ ಸಾಕು: ಎರಡೂ 14 ಮೀಟರ್ 42 ಸೆಂಟಿಮೀಟರ್ ಬರಬೇಕು. ನಡುಗೆರೆಯಿಂದ 3 ಮೀಟರಿಗೆ ಬಾಕ್ ಲೈನ್ (ದಾಳಿಗೆ ಹೋದವನು ದಾಟಬೇಕಾದ ಗೆರೆ), ಅಲ್ಲಿಂದ 1 ಮೀಟರಿಗೆ ಬೋನಸ್ ಲೈನ್ (ಹೆಚ್ಚುವರಿ ಅಂಕದ ಗೆರೆ). ಎರಡು ಇಂಚು ಜರಡಿ ಮಣ್ಣು ಹಾಸಲು ಸುಮಾರು 170 ಘನ ಅಡಿ, ಅಂದರೆ ಎರಡು ಟ್ರ್ಯಾಕ್ಟರ್ ಲೋಡು. ನಾಲ್ಕಿಂಚು ಇದ್ದರೆ ಬಿದ್ದವರ ಮೊಣಕೈಗೆ ಒಳ್ಳೆಯದು, ಆದರೆ ಇಮ್ಮಡಿ ಲೋಡು ಬೇಕು. ಗೆರೆಗೆ ಮೊದಲು ಕಟ್ಟಡದ ಸುಣ್ಣ ಹಾಕಿದ್ದು ತಪ್ಪಾಯಿತು. ಸರಿಯಾಗಿ ಅರಳದ ಸುಣ್ಣ ಬೆವರಿಗೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ಅಪಾಯ. ಈಗ ರಂಗೋಲಿ ಪುಡಿ. ನವಾರು ಪಟ್ಟಿಯನ್ನು ಮೊಳೆ ಹೊಡೆದು ಕೂರಿಸುವ ಉಪಾಯವನ್ನೂ ಕೈಬಿಟ್ಟಿದ್ದೇವೆ, ಆಟದ ಎಳೆದಾಟಕ್ಕೆ ಮೊಳೆ ಮೇಲೇಳುತ್ತದೆ.

ಮೈ ಬಿಸಿ ಮಾಡಲು ಖೋ ಖೋ. ಕಂಬಕ್ಕೆ ಸೆಂಟ್ರಿಂಗಿನಲ್ಲಿ ಮಿಕ್ಕ ಸರ್ವೆ ಮರ: ಆರಡಿ ತುಂಡು, ಎರಡಡಿ ನೆಲದೊಳಗೆ, ನಾಲ್ಕಡಿ ಮೇಲೆ. ತೊಗಟೆ ಕೆತ್ತಿ ಮರಳು ಕಾಗದದಲ್ಲಿ ಉಜ್ಜದಿದ್ದರೆ ತಿರುಗುವಾಗ ಅಂಗೈಗೆ ಸಿಬಿರು.

ವಾರ 3: ಗಂಟೆ

ಸಂಜೆ ನಾಲ್ಕಕ್ಕೆ ಇಟ್ಟದ್ದು ಕೆಲಸಕ್ಕೆ ಬರಲಿಲ್ಲ. ಶೆಡ್‌ಗಳಿಗೆ ನೀರಿನ ಟ್ಯಾಂಕರ್ ಬರುವುದು ನಾಲ್ಕೂವರೆ ಸುಮಾರಿಗೆ; ಹಾರನ್ ಕೇಳಿದೊಡನೆ ಅರ್ಧ ಮಕ್ಕಳು ಕೊಡ ಹಿಡಿಯಲು ಓಡುತ್ತಾರೆ, ಆಟ ನಡುವಿನಲ್ಲೇ ನಿಲ್ಲುತ್ತದೆ. ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತಕ್ಕೆ ಬದಲಾಯಿತು. ಬಟವಾಡೆ, ಸಂತೆ ಎಲ್ಲ ಅದರ ನಂತರ. ಹೊಸ ಜಾಗದಲ್ಲಿ ಶುರು ಮಾಡುವವರು ಮೊದಲು ಮೇಸ್ತ್ರಿಯನ್ನು ಕೇಳಬೇಕಾದದ್ದು ಅನುಮತಿಯ ಜೊತೆಗೆ ಟ್ಯಾಂಕರಿನ ಹೊತ್ತನ್ನು.

ವಾರ 4–6: ತಂಡ

ಮೊದಲ ಮೂರು ವಾರ ಮಕ್ಕಳೇ ತಂಡ ಕಟ್ಟಿಕೊಂಡರು. ಫಲ ಗೊತ್ತಿದ್ದದ್ದೇ: ಊರಿನವರು ಒಂದು ಕಡೆ, ಶೆಡ್ಡಿನವರು ಒಂದು ಕಡೆ. ಆಟ ಚೆನ್ನಾಗಿ ಸಾಗಿತು, ಬೈಗುಳವೂ ಚೆನ್ನಾಗಿಯೇ ಸಾಗಿತು. ಒಟ್ಟಿಗೆ ಆಡಿದರೆ ಸಾಕು, ಸ್ನೇಹ ತಾನಾಗಿ ಬೆಳೆಯುತ್ತದೆ ಎನ್ನುವ ನಂಬಿಕೆ ಅರ್ಧ ಸುಳ್ಳು. ಉತ್ತರ ಪ್ರದೇಶದಲ್ಲಿ ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಕ್ರಿಕೆಟ್ ಲೀಗ್ ನಡೆಸಿ ಇದನ್ನೇ ಪರೀಕ್ಷಿಸಿದ್ದರು. ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಲ್ಲಿ ಗೆಳೆತನ ಹೆಚ್ಚಿತ್ತು. ಎದುರಾಳಿಗಳಾಗಿ ಆಡಿದ್ದರಿಂದ ಆ ಲಾಭ ಬರಲಿಲ್ಲ.

ಈಗಿನ ಪದ್ಧತಿ ಹೀಗೆ. ಗೇಟಿನಲ್ಲಿ ತೂಕದ ಯಂತ್ರ. 30 ಕೆಜಿ ಒಳಗೆ, 30–40, 40–50, ಅದಕ್ಕೂ ಮೇಲೆ ಎಂದು ನಾಲ್ಕು ಡಬ್ಬಿ. ಹೆಸರಿನ ಚೀಟಿ ಆಯಾ ಡಬ್ಬಿಗೆ, ಮೊದಲಿಗೆ ಊರಿನವರದು ಬಿಳಿ, ಶೆಡ್ಡಿನವರದು ಹಳದಿ. ಒಂದೇ ಡಬ್ಬಿಯಿಂದ ಎತ್ತಿ ಏಳೇಳರ ಎರಡು ತಂಡ, ಪ್ರತಿ ತಂಡದಲ್ಲಿ ಎರಡೂ ಕಡೆಯವರು ಕನಿಷ್ಠ ಮೂವರು. ಬಣ್ಣದ ಗುಟ್ಟು ಈ ಪದ್ಧತಿಯ ಎರಡನೇ ವಾರಕ್ಕೇ ಮಕ್ಕಳಿಗೆ ಗೊತ್ತಾಗಿ "ಹಳದಿ" ಎನ್ನುವುದೇ ಅಡ್ಡಹೆಸರಾಗತೊಡಗಿತು. ಆದ್ದರಿಂದ ಈಗ ಚೀಟಿಗಳೆಲ್ಲ ಬಿಳಿ, ಗುರುತು ಒಳಮಡಿಕೆಯಲ್ಲಿ ಒಂದು ಚುಕ್ಕೆ. ಇಂಥ ಎಡವಟ್ಟನ್ನು ಮೊದಲೇ ಊಹಿಸಬೇಕಿತ್ತು.

ಎದೆಗೆ ಹೆಸರು ಬರೆದು ಅಂಟಿಸುವ ಮಾಸ್ಕಿಂಗ್ ಟೇಪು ಬೆವರಿಗೆ ಹತ್ತು ನಿಮಿಷವೂ ನಿಲ್ಲದು. ಅದರ ಬದಲು ಒಂದು ನಿಯಮ ಸೇರಿಸಿದೆವು: ಜೀವ ಬಂದವನು ಅಂಕ ತಂದವನ ಹೆಸರು ಹೇಳಿಯೇ ಒಳಗೆ ಕಾಲಿಡಬೇಕು. "ಏ ಬಿಹಾರಿ", "ಏ ಉತ್ತರ ಕರ್ನಾಟಕ" ನಡೆಯುವುದಿಲ್ಲ. ಎರಡು ವಾರಕ್ಕೆ ಎಲ್ಲರಿಗೂ ಎಲ್ಲರ ಹೆಸರು ಬಂತು. ಬಾಕಿ ನಿಯಮಗಳಲ್ಲಿ ದಾಳಿಗೆ 30 ಸೆಕೆಂಡ್ ಹಾಗೇ ಉಳಿದಿದೆ, ಆಟದ ಒಂದೊಂದು ಅರ್ಧಕ್ಕೆ 7 ನಿಮಿಷ ಮಾತ್ರ. ಎಲ್ಲರೂ ಬರಿಗಾಲು, ಶೂ ಇದ್ದವರೂ ಬಿಚ್ಚಬೇಕು.

ವಾರ 7: ಮಾತು

ಕೂಗು ಕನ್ನಡದಲ್ಲೇ: ಹಿಡಿ, ಬಿಡು, ಬಾ, ಹಿಂದೆ, ಔಟ್. ಐದು ಪದ ಮೊದಲ ದಿನಕ್ಕೆ ಸಾಕು. ನೇಪಾಳ, ಒಡಿಶಾದ ಮಕ್ಕಳು ಇವನ್ನು ಬೇಗ ಹಿಡಿಯುತ್ತಾರೆ. ತೊಂದರೆ ಬಂದದ್ದು ಕನ್ನಡದವರ ನಡುವೆಯೇ. ಯಾದಗಿರಿ ಹುಡುಗರು "ಹೌದ್ರಿ, ಬರ್ರಿ" ಎಂದರೆ ಊರ ಹುಡುಗರಿಗೆ ನಗು. ಆ ಯಾದಗಿರಿ ಹುಡುಗರನ್ನೇ ದುಭಾಷಿಗಳನ್ನಾಗಿ ಕೂರಿಸಿದ್ದು ಫಲ ಕೊಟ್ಟಿತು. ಅವರಲ್ಲಿ ಹಲವರಿಗೆ ತೆಲುಗು, ದಖನಿ ಎರಡೂ ಬರುತ್ತದೆ, ಅದರಿಂದ ಹಿಂದಿಯವರಿಗೂ ದಾಟಿಸಬಲ್ಲರು. ನಗುತ್ತಿದ್ದವರಿಗೆ ಬರುವುದು ಒಂದೇ ಭಾಷೆ.

ವಾರ 8–9: ಹುಡುಗಿಯರು

ತಮ್ಮ, ತಂಗಿಯನ್ನು ಸೊಂಟದಲ್ಲಿಟ್ಟುಕೊಂಡೇ ಬರುತ್ತಾರೆ. ಕೂಸನ್ನು ಇಳಿಸಲು ಜಾಗವಿಲ್ಲದಿದ್ದರೆ ಆಡದೆ ನಿಂತು ನೋಡಿ ಹೋಗುತ್ತಾರೆ. ನೆರಳಿನಲ್ಲಿ ಒಂದು ಟಾರ್ಪಾಲು, ಚಾಪೆ, ನೀರು, ನೋಡಿಕೊಳ್ಳಲು ಒಬ್ಬ ಅಕ್ಕ: ಇಷ್ಟು ಮಾಡಿದ ವಾರವೇ ಅವರ ಪ್ರತ್ಯೇಕ ಆಟ ನೆಲೆಯೂರಿತು. ಗಾಜಿನ ಬಳೆ, ಕಾಲುಗೆಜ್ಜೆ ತೆಗೆದಿಡಲು ಹೆಸರು ಬರೆದ ಬಟ್ಟೆ ಚೀಲ ಬೇಕು. ಕಳೆದರೆ ಮನೆಯಲ್ಲಿ ಮುಂದಿನ ವಾರಕ್ಕೆ ಬಿಡುವುದಿಲ್ಲ. ಚೂಡಿದಾರದ ಪ್ಯಾಂಟಿನಲ್ಲೇ ಆಡಬಹುದು, ಶಾರ್ಟ್ಸ್ ಕಡ್ಡಾಯವೆಂದರೆ ಅರ್ಧ ಜನ ಬರುವುದಿಲ್ಲ. ಉಗುರು ಕತ್ತರಿ ಎರಡಾದರೂ ಇರಲಿ. ಯಾವ ಹೊತ್ತಿನಲ್ಲೂ ಇಬ್ಬರು ದೊಡ್ಡವರಿಗೆ ಕಡಿಮೆ ಇಲ್ಲ, ಅದರಲ್ಲಿ ಒಬ್ಬಾಕೆ ಹೆಂಗಸು. ಮಕ್ಕಳ ಫೋಟೋ ಎಲ್ಲೂ ಹಾಕುವಂತಿಲ್ಲ.

ವಾರ 10–11: ಉಗಾದಿ

ಶೆಡ್‌ಗಳು ಖಾಲಿ. ಯಾದಗಿರಿ ಬಸ್ಸು ಹತ್ತಿದವರು ಹದಿನೈದು ದಿನ ಬರುವುದಿಲ್ಲ, ಕೆಲವರು ಬರುವುದೇ ಇಲ್ಲ, ಯಾಕೆಂದರೆ ಅಪ್ಪ ಬೇರೆ ಸೈಟಿಗೆ ಹೋಗಿರುತ್ತಾನೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಊರ ಮಕ್ಕಳೂ ಅಜ್ಜಿ ಮನೆಗೆ. ಹಾಗಾಗಿ ಕಾಯಂ ತಂಡ, ಜರ್ಸಿ, ಕ್ಯಾಪ್ಟನ್ ಯಾವುದೂ ಇಲ್ಲಿ ನಿಲ್ಲುವುದಿಲ್ಲ. ಹೊಸಬರು ಬಂದ ಹತ್ತು ನಿಮಿಷಕ್ಕೆ ಅಂಕಣದೊಳಗೆ ಇರಬೇಕು, ಅಷ್ಟಕ್ಕೆ ತಕ್ಕಂತೆ ಎಲ್ಲವನ್ನೂ ಇಟ್ಟುಕೊಳ್ಳಬೇಕು. ಪುಸ್ತಕದಲ್ಲಿ ಬರೆದುಕೊಳ್ಳುವುದು ಹೆಸರು, ಶೆಡ್ ಸಂಖ್ಯೆ, ಅಪ್ಪ ಅಥವಾ ಅಮ್ಮನ ಮೊಬೈಲ್, ಮೇಸ್ತ್ರಿಯ ಮೊಬೈಲ್. ಆಧಾರ್ ಕೇಳುವುದಿಲ್ಲ. ಕೇಳಿದ ದಿನ ಬಂದವರು ಮರುವಾರ ಕಾಣಲಿಲ್ಲ.

ವಾರ 12: ಗಾಯ

ತರಚು, ಬೆರಳು ಉಳುಕು ಸಾಮಾನ್ಯ. ಕಾಲಲ್ಲಿ ಕತ್ತರಿ ಹಾಕಿ ಹಿಡಿಯುವುದು ನಿಯಮದಲ್ಲೇ ತಪ್ಪು, ಚಿಕ್ಕವರಲ್ಲಿ ಮೊಣಕಾಲು ತಿರುಚುವುದು ಅದರಿಂದಲೇ. ಮೊದಲ ಸಲಕ್ಕೇ ಹೊರಗೆ. ಮೊಳೆ ಚುಚ್ಚಿದರೆ ಸೋಪು ನೀರಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಯಲ್ಲಿ ಟೆಟನಸ್ ಚುಚ್ಚುಮದ್ದು ಬೇಕೇ ಎಂದು ಕೇಳಬೇಕು. ಬೆಳಿಗ್ಗೆ ಏನೂ ತಿನ್ನದೆ ಬಂದವರು ಎಂಟೂವರೆಗೆ ತಲೆ ಸುತ್ತಿ ಕೂರುತ್ತಾರೆ. ಆಟಕ್ಕೆ ಮೊದಲೇ ಒಂದೊಂದು ಬಾಳೆಹಣ್ಣು.

ವಾರ 13–14: ಶಾಲೆ

ಚೆನ್ನಾಗಿ ದಾಳಿ ಮಾಡುವವರು ಮುಂದೆ ಹೋಗಬೇಕಾದರೆ ಶಾಲಾ ಕ್ರೀಡಾಕೂಟವೇ ದಾರಿ, ಅದಕ್ಕೆ ಶಾಲೆಯ ದಾಖಲಾತಿ ಬೇಕು. ಶೆಡ್ಡಿನವರಲ್ಲಿ ಹಲವರ ಹೆಸರು ಯಾವ ಶಾಲೆಯಲ್ಲೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರ ವಿಷಯದಲ್ಲಿ ಸ್ಪಷ್ಟವಾಗಿದೆ: ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು (ಸೆಕ್ಷನ್ 4), ವರ್ಗಾವಣೆ ಪತ್ರ ತಡವಾಯಿತೆಂದು ನಿಲ್ಲಿಸುವಂತಿಲ್ಲ (5), ಜನನ ದಾಖಲೆ ಇಲ್ಲವೆಂದು ವಾಪಸು ಕಳಿಸುವಂತಿಲ್ಲ (14). ಬಾಯಿಮಾತಿಗಿಂತ ಈ ಮೂರು ಸೆಕ್ಷನ್ ಬರೆದ ಅರ್ಜಿ, ಸ್ವೀಕೃತಿ ಮೊಹರು ಹಾಕಿಸಿದ ಅದರ ಪ್ರತಿ ಹೆಚ್ಚು ಕೆಲಸ ಮಾಡುತ್ತದೆ. 14 ದಾಟಿದವರಿಗೆ ಈ ಬಲವಿಲ್ಲ. ಅವರು ಈಗಾಗಲೇ ಸೈಟಿನಲ್ಲಿ ಹೆಲ್ಪರ್ ಕೆಲಸದ ಅಂಚಿನಲ್ಲಿದ್ದಾರೆ. ಅವರಿಗೆ ಸದ್ಯ ಅಂಪೈರಿಂಗ್ ಕಲಿಸುತ್ತಿದ್ದೇವೆ.

ಮುಂದಿನ ಕೆಲಸ: ಮುಂಗಾರಿಗೆ ಮೊದಲು ಅಂಕಣದ ಸುತ್ತ ಅರ್ಧ ಅಡಿ ಕಾಲುವೆ, ಶಾಲೆ ತೆರೆಯುವ ವಾರಕ್ಕೆ ಅರ್ಜಿಗಳು. ಮೊಹರಂಗೆ ರಾಯಚೂರು ಕಡೆಯವರು ಮತ್ತೆ ಊರಿಗೆ ಹೋಗುತ್ತಾರೆ. ಆ ಎರಡು ಭಾನುವಾರ ಖೋ ಖೋ ಮಾತ್ರ.