ಶರತ್ಕಾಲಕ್ಕೆ ಮನೆ ಸಿಂಗರಿಸುವಾಗ ಮೊದಲು ಬಲ್ಬ್ ನೋಡಿ

ಆಗಸ್ಟ್ ಮುಗಿಯುತ್ತಿದ್ದಂತೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಮನೆ ಅಲಂಕಾರ ನನ್ನ ವೃತ್ತಿ. ಶರತ್ಕಾಲಕ್ಕೆ ಮನೆ ಸಿದ್ಧ ಮಾಡಿಕೊಡಿ ಎನ್ನುವವರ ಬೇಡಿಕೆ ಹೆಚ್ಚುಕಡಿಮೆ ಒಂದೇ: ಕಿತ್ತಳೆ ಬಣ್ಣದ ಕುಶನ್, ಎಲೆಗಳ ಮಾಲೆ, ಮೇಜಿನ ಮೇಲೆ ಒಂದಷ್ಟು ಕುಂಬಳಕಾಯಿ. ಸಾಮಾನಿನ ಮಾತು ಆಮೇಲೆ ಆಡೋಣ, ಕತ್ತಲಾದ ಮೇಲೆ ಒಮ್ಮೆ ಬಂದು ಮನೆ ನೋಡುತ್ತೇನೆ ಎಂದು ಹೇಳುತ್ತೇನೆ. ಹಗಲಲ್ಲಿ ಅಳತೆ ತೆಗೆದುಕೊಂಡು ಹೋದರೆ ಈ ಕೆಲಸ ಕೈಗೆ ಹತ್ತುವುದಿಲ್ಲ.

ಉತ್ತರಾರ್ಧಗೋಳದಲ್ಲಿ ಸೆಪ್ಟೆಂಬರ್ 22 ಅಥವಾ 23ಕ್ಕೆ ವಿಷುವ, ಅಂದರೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮನಾಗುವ ದಿನ. ಅದು ಕಳೆದು ಕೆಲವೇ ದಿನಗಳಲ್ಲಿ ರಾತ್ರಿ ಹಗಲನ್ನು ಮೀರುತ್ತದೆ. ದುಡಿದು ಮನೆ ಸೇರುವವರು ತಮ್ಮ ನಡುಮನೆಯನ್ನು ನೋಡುವುದೇ ದೀಪದ ಬೆಳಕಿನಲ್ಲಿ. ಹಾಗಾಗಿ ನೀವು ತರುವ ಪ್ರತಿಯೊಂದು ಬಣ್ಣದ ಹಣೆಬರಹವನ್ನೂ ಬರೆಯುವುದು ಚಾವಣಿಯ ಬಲ್ಬ್.

ಒಂದು ಮನೆಯಲ್ಲಿ ತುಕ್ಕುಗೆಂಪಿನ ಹೊದಿಕೆ, ಸಾಸಿವೆ ಹಳದಿಯ ದಿಂಬು, ಕಂದು ರಗ್ಗು ಎಲ್ಲವನ್ನೂ ಮನೆಯೊಡತಿ ಬಹಳ ಅಕ್ಕರೆಯಿಂದ ಆರಿಸಿ ತಂದಿದ್ದರು. ರಾತ್ರಿ ಮಾತ್ರ ಅವೆಲ್ಲ ಕೆಸರು ಮೆತ್ತಿದಂತೆ ಮಂಕಾಗಿದ್ದವು. ಬಟ್ಟೆ ಬದಲಿಸಬೇಕೇ ಎಂದು ಕೇಳಿದರು. ಬೇಕಿರಲಿಲ್ಲ. ಚಾವಣಿಯಲ್ಲಿದ್ದದ್ದು 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿ ಬೆಳಕು. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಅಂಕೆ ಇಳಿದಷ್ಟೂ ಬೆಳಕು ಹಳದಿಗೆ ತಿರುಗುತ್ತದೆ. ಚಾವಣಿಯ ಬಲ್ಬ್ ಆಫ್ ಮಾಡಿ, ಸೋಫಾದ ಪಕ್ಕ ಒಂದು, ಮೂಲೆಯಲ್ಲಿ ಇನ್ನೊಂದು ಲ್ಯಾಂಪ್ ಇಟ್ಟೆವು. ಎರಡಕ್ಕೂ 2700 ಕೆಲ್ವಿನ್ ಬಲ್ಬ್, ಬೆಳಕು ಕೂತವರ ಕಣ್ಣಿಗಿಂತ ಕೆಳಗೆ. ಅದೇ ಹೊದಿಕೆಯ ನೇಯ್ಗೆಯಲ್ಲಿ ಅಡಗಿದ್ದ ಕೆಂಪು ಎಳೆಗಳು ಒಂದೊಂದಾಗಿ ಎದ್ದು ಕಂಡವು. ಆ ಹೊತ್ತಿಗೆ ಅವರ ಮುಖ ಅರಳಿದ್ದು ನನಗೆ ಈ ಕೆಲಸದ ದೊಡ್ಡ ಸಂಬಳ.

ಬಲ್ಬ್ ಡಬ್ಬಿಯ ಮೇಲೆ ಇನ್ನೊಂದು ಅಂಕೆ ಇರುತ್ತದೆ, ಸಿಆರ್‌ಐ. ಬಣ್ಣಗಳನ್ನು ಬಲ್ಬ್ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಅದು ಅಳತೆ, ಕೆಲವು ಮಾದರಿ ಬಣ್ಣಗಳ ಸರಾಸರಿ, ಗರಿಷ್ಠ 100. ಶರತ್ಕಾಲದ ಬಣ್ಣಗಳಿಗೆ 90ಕ್ಕಿಂತ ಕಡಿಮೆ ಇರುವುದನ್ನು ನಾನು ಒಪ್ಪುವುದಿಲ್ಲ. ಆ ಸರಾಸರಿಯಲ್ಲಿ ಕಡುಗೆಂಪು ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕೆ ಆರ್9 ಎಂಬ ಬೇರೆ ಅಂಕೆ ಇದೆ. ಡಬ್ಬಿಯಲ್ಲಿ ಅದನ್ನೂ ಕೊಟ್ಟಿದ್ದರೆ, ಹೆಚ್ಚಿರುವುದನ್ನೇ ಆರಿಸಿ. ಈ ಋತುವಿನ ಜೀವವೇ ಕೆಂಪು ಮತ್ತು ಕಂದು.

ಬೆಳಕು ಸರಿಹೋದ ಮೇಲೆ ಕೊಳ್ಳಬೇಕಾದ ಪಟ್ಟಿ ತಾನೇ ಅರ್ಧಕ್ಕಿಳಿಯುತ್ತದೆ. ಕೋಣೆಯಲ್ಲಿ ಈಗಾಗಲೇ ಇರುವ ಒಂದು ಬೆಚ್ಚನೆಯ ಬಣ್ಣವನ್ನು ಹುಡುಕಿ: ಮರದ ಕಪಾಟಿನ ಕಂದು, ಚಿತ್ರವೊಂದರ ಮೂಲೆಯ ಹಳದಿ, ಏನಾದರೂ ಸರಿ. ಅದನ್ನೇ ಇನ್ನೆರಡು ಕಡೆ ಮೂಡಿಸಿದರೆ ಸಾಕು. ನುಣುಪು ಹತ್ತಿಯ ಜಾಗಕ್ಕೆ ಉಣ್ಣೆ, ವೆಲ್ವೆಟ್, ಕಾರ್ಡುರಾಯ್ ಬರಲಿ. ಪಕ್ಕದಿಂದ ಬೀಳುವ ಬೆಳಕಿಗೆ ಇವುಗಳ ಮೈಮೇಲೆ ನೆರಳು ಹುಟ್ಟುತ್ತದೆ, ಆ ನೆರಳಿಗೇ ನಾವು ಬೆಚ್ಚಗಿದೆ ಅನ್ನುವುದು.

ಇನ್ನು ಎಲೆಗಳು. ನನಗೆ ಅತಿ ಪ್ರೀತಿಯ ಭಾಗ ಇದು. ಎಲೆಯಲ್ಲಿ ಹಸಿರಿನ ಕ್ಲೋರೋಫಿಲ್ ಒಡೆದು ಹೋದಾಗ, ಮೊದಲಿನಿಂದಲೂ ಅಲ್ಲೇ ಇದ್ದ ಕ್ಯಾರೊಟಿನಾಯ್ಡ್‌ಗಳ ಹಳದಿ ಹೊರಗೆ ಕಾಣುತ್ತದೆ. ಕೆಂಪಿನ ಆಂಥೊಸಯನಿನ್ ಮಾತ್ರ ಬಹುತೇಕ ಆ ದಿನಗಳಲ್ಲೇ ಹೊಸದಾಗಿ ತಯಾರಾಗುವಂಥದ್ದು. ನೆಲಕ್ಕೆ ಬಿದ್ದ ಎಲೆಯನ್ನು ಹಾಗೇ ತಂದಿಟ್ಟರೆ ಕೆಲವೇ ದಿನಗಳಲ್ಲಿ ಮುರುಟಿ ಪುಡಿಯಾಗುತ್ತದೆ. ಮಾಲೆಗೆ ಬೇಕಾದ ಬಿಡಿ ಎಲೆಗಳನ್ನು ಕಾಗದದ ನಡುವೆ ಇಟ್ಟು, ಭಾರ ಹೇರಿ ಒಣಗಿಸಿ. ಕೊಂಬೆಗಳಿಗೆ ಗ್ಲಿಸರಿನ್ ಬೇಕು: ಒಂದು ಪಾಲು ಗ್ಲಿಸರಿನ್, ಎರಡು ಪಾಲು ಬಿಸಿನೀರು. ಕೊಂಬೆಯ ಬುಡವನ್ನು ಸುತ್ತಿಗೆಯಿಂದ ಜಜ್ಜಿ ಅದರಲ್ಲಿ ನಿಲ್ಲಿಸಿ. ಎರಡು ಮೂರು ವಾರ, ದಪ್ಪ ಎಲೆಯಾದರೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ನೀರು ಆವಿಯಾಗಿ ಹೋದರೂ ಗ್ಲಿಸರಿನ್ ಎಲೆಯೊಳಗೆ ಉಳಿಯುವುದರಿಂದ, ಮಡಚಿದರೆ ಮುರಿಯದೆ ತೆಳು ಚರ್ಮದಂತೆ ಬಾಗುತ್ತದೆ. ಕೊಂಬೆ ಇನ್ನೂ ನೀರು ಹೀರುತ್ತಿರುವಾಗಲೇ ಕತ್ತರಿಸಬೇಕು, ಎಲೆ ಉದುರಲು ಶುರುವಾದ ಮೇಲೆ ತಂದು ಪ್ರಯೋಜನವಿಲ್ಲ. ಹಾಗೆ ಸಿದ್ಧವಾದ ಒಂದೇ ಒಂದು ಎತ್ತರದ ಕೊಂಬೆ, ದೊಡ್ಡ ಹೂಜಿಯಲ್ಲಿ ನಿಂತರೆ, ಕಪಾಟಿನ ತುಂಬ ಹರಡಿದ ಚಿಕ್ಕಪುಟ್ಟ ಗೊಂಬೆಗಳಿಗಿಂತ ಸಾವಿರ ಪಾಲು ಮೇಲು.

ಪೈನ್ ಕಾಯಿಗಳನ್ನು ಹೊರಗಿನಿಂದ ಆರಿಸಿ ತಂದರೆ ಓವನ್‌ನಲ್ಲಿ ಸುಮಾರು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧದಿಂದ ಒಂದು ಗಂಟೆ ಇಡಿ, ಪಕ್ಕದಲ್ಲೇ ಇದ್ದು ನೋಡಿಕೊಳ್ಳಿ. ಹುಳುಗಳು ಸಾಯುತ್ತವೆ, ಮುಚ್ಚಿಕೊಂಡ ಕಾಯಿ ಅರಳಿಕೊಳ್ಳುತ್ತದೆ. ಕುಂಬಳಕಾಯಿ ಕೊರೆಯದೆ, ತೊಟ್ಟು ಮುರಿಯದೆ ಇಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಅದರ ಕೆಳಗೆ ಒಂದು ತಟ್ಟೆ ಇರಲೇಬೇಕು, ತಳ ಕೊಳೆತರೆ ಮರದ ಮೇಜಿಗೆ ಕಲೆ ಹಿಡಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಿರಾಕಿಯ ಮಾತಿಗೂ ಬಗ್ಗುವುದಿಲ್ಲ. ಒಣ ಎಲೆ, ಒಣ ಹುಲ್ಲಿನ ಹತ್ತಿರ ಉರಿಯುವ ಮೇಣದಬತ್ತಿ ಇಡುವುದಿಲ್ಲ. ಅಲ್ಲಿ ಬ್ಯಾಟರಿಯ ಬತ್ತಿ ಸಾಕು. ನಿಜವಾದ ಜ್ವಾಲೆಯೇ ಬೇಕೆಂದರೆ, ಸುತ್ತ ಏನೂ ಇಲ್ಲದ ಬೇರೊಂದು ಮೇಜಿನ ಮೇಲೆ, ಗಾಜಿನೊಳಗೆ.

ಕೆಲಸ ಮುಗಿಸಿ ಹೊರಡುವಾಗ ಎಲ್ಲರಿಗೂ ಹೇಳುತ್ತೇನೆ: ಚಳಿಗಾಲ ಬಂದಾಗ ಎಲೆ, ಕಾಯಿ ಎಲ್ಲ ತೆಗೆಯಿರಿ, ಲ್ಯಾಂಪ್‌ಗಳನ್ನು ಮಾತ್ರ ವಸಂತ ಬರುವತನಕ ಇದ್ದಲ್ಲೇ ಬಿಡಿ.