ಶಿರಾಡಿಯಲ್ಲಿ ಲಾರಿ ಎಳೆದ ರಾತ್ರಿ

ಸಕಲೇಶಪುರದಲ್ಲಿ ಕ್ರೇನ್ ಹೆಲ್ಪರ್ ಆಗಿದ್ದಾಗ ನಮಗೆ ಮಳೆಗಾಲವೇ ಸುಗ್ಗಿ. ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಸಾಕು, ಮಂಗಳೂರು-ಬೆಂಗಳೂರು ಹೆದ್ದಾರಿ ಪೂರ್ತಿ ಬಂದ್.

ಆ ರಾತ್ರಿ ದೋಣಿಗಾಲ್ ಹತ್ತಿರ, ಲೋಡ್ ಹೊತ್ತು ಘಾಟಿ ಏರುತ್ತಿದ್ದ ಲಾರಿ ನಿಂತಿತ್ತು. ಗಾಳಿ ಸೋರಿ ಬ್ರೇಕ್ ಹಿಡಿದುಕೊಂಡಿತ್ತು. ಲಾರಿಯ ಹಿಂದಿನ ಬ್ರೇಕಿನಲ್ಲಿ ಗಟ್ಟಿ ಸ್ಪ್ರಿಂಗ್ ಇರುತ್ತದೆ. ಗಾಳಿ ಇರುವ ತನಕ ಅದು ಮುದುರಿಕೊಂಡಿರುತ್ತದೆ, ಗಾಳಿ ಹೋದರೆ ಬಿಚ್ಚಿಕೊಂಡು ಚಕ್ರ ಲಾಕ್. ಎಳೆಯಬೇಕಾದರೆ ಯಾರಾದರೂ ಅಡಿಗೆ ನುಗ್ಗಿ, ಬೋಲ್ಟ್ ತಿರುಗಿಸಿ ಆ ಸ್ಪ್ರಿಂಗನ್ನು ಮತ್ತೆ ಮುದುರಿಸಬೇಕು. ಆಮೇಲೆ ಲಾರಿಗೆ ಬ್ರೇಕೇ ಇಲ್ಲ. ಗೇರ್‌ಬಾಕ್ಸ್ ಉಳಿಯಲಿ ಅಂತ, ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ್ದರೆ ಗೇರೂ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಅದನ್ನು ತಡೆಯುವುದು ಚಕ್ರಕ್ಕೆ ಕೊಟ್ಟ ಕಲ್ಲು ಮತ್ತು ಕ್ರೇನಿನ ಬಿಗಿ ರೋಪು ಮಾತ್ರ.

ಅದಕ್ಕೇ ಮೊದಲು ರೋಪು, ಆಮೇಲೆ ಬ್ರೇಕು. ನಮ್ಮಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದರೆ ಸುತ್ತ ಹಾರ್ನ್, ಪೊಲೀಸರ ಗದರಿಕೆ, ಬಸ್ಸಿನಿಂದ ಇಳಿದವರ ಪುಕ್ಕಟೆ ಸಲಹೆ. ಈ ಕೆಲಸದಲ್ಲಿ ಕೈಕಾಲು ಹೋಗುವುದು ಯಂತ್ರಕ್ಕಿಂತ ಈ ಅವಸರದಿಂದಲೇ ಜಾಸ್ತಿ ಅಂತ ನನ್ನ ಲೆಕ್ಕ. ಕ್ರೇನ್ ಇನ್ನೂ ತಿರುಗುತ್ತಿತ್ತು, ಜೊತೆಗಿದ್ದ ಹುಡುಗ ಅಡಿಗೆ ನುಗ್ಗಿಬಿಟ್ಟ. "ಇರ್ಲಾ, ರೋಪ್ ಬಿಗೀಲಿ" ಅಂತ ಆಪರೇಟರ್ ಅಣ್ಣ ಕೂಗಿದ್ದು ಮಳೆಯಲ್ಲಿ ಕೇಳಿಸಿತೋ ಇಲ್ಲವೋ. ಅವನು ಬ್ರೇಕ್ ಬಿಡಿಸಿದ್ದೇ ತಡ, ಕಲ್ಲು ಜಾರಿತು. ಲಾರಿ ಗೇಣುದ್ದ ಹಿಂದೆ ಸರಿದು ಇನ್ನೊಂದು ಕಲ್ಲಿಗೆ ನಿಂತಿತು. ಅಷ್ಟರಲ್ಲಿ ಅವನ ಪಾದ ಟೈರಿನ ಅಡಿ ಸಿಕ್ಕಿತ್ತು. ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ.

ಆಂಬುಲೆನ್ಸ್ ಅದೇ ಜಾಮಿನಲ್ಲಿ ಸಿಕ್ಕಿಕೊಂಡಿತು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋದೆವು. ಹಾಸನದಲ್ಲಿ ಎರಡು ಬೆರಳು ತೆಗೆದರು.

ಮಾಲೀಕರು ಮೊದಲ ಬಿಲ್ ಕಟ್ಟಿದರು, ಆಮೇಲೆ ಫೋನ್ ಎತ್ತಲಿಲ್ಲ. ಕಾರ್ಮಿಕರ ಸರ್ಕಾರಿ ವಿಮೆ ಇಎಸ್‌ಐಗೆ 10 ಜನ ಕೆಲಸಗಾರರು ಬೇಕು, ನಮ್ಮ ಶೆಡ್ಡಿನಲ್ಲಿ ಅಷ್ಟು ಜನ ಎಲ್ಲಿ? ಆದರೆ ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯಲ್ಲಿ ವಾಹನದ ಹೆಲ್ಪರ್, ಕ್ಲೀನರ್ ಕೂಡ ಬರುತ್ತಿದ್ದರು. ಅದನ್ನು ನಮಗೆ ಹೇಳುವವರೇ ಇರಲಿಲ್ಲ. ಹುಡುಗ ಕೈಗೆ ಸಿಕ್ಕಿದ್ದನ್ನು ತಗೊಂಡು ಊರಿಗೆ ಹೋದ.

ಆಪರೇಟರ್ ಅಣ್ಣ ಮಾತ್ರ ಬದಲಾದರು. ಬಡಗಿಯ ಹತ್ತಿರ ಚಕ್ರಕ್ಕೆ ಕೊಡಲು ದಪ್ಪ ಮರದ ಅಡೆಗಳನ್ನು ಮಾಡಿಸಿ ಕ್ರೇನಿನಲ್ಲೇ ಇಟ್ಟುಕೊಂಡರು. ಸ್ಥಳಕ್ಕೆ ಹೋದ ಮೇಲೆ ಯಾರಾದರೂ ಬೇಗ ಬೇಗ ಅಂದರೆ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಕೆಳಗಿಳಿಯುತ್ತಿದ್ದರು. "ನೀವೇ ಎಳೀರಿ ಸಾರ್" ಅನ್ನುತ್ತಿದ್ದರು. ಇನ್‌ಸ್ಪೆಕ್ಟರ್ ಆದರೂ ಅಷ್ಟೇ.