ಸ್ಟ್ಯಾಂಡ್ ಮೇಲೆ ಸರಿಯಾಗಿದ್ದ ಸೈಕಲ್

ಮೈಸೂರಿನ ಸರಸ್ವತಿಪುರಂ ಹತ್ತಿರ ಒಂದು ಸೈಕಲ್ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ರಿಪೇರಿ ಕೆಲಸ ಮಾಡುತ್ತಿದ್ದೇನೆ. ಗೇರ್ ಸೈಕಲ್, ಮಕ್ಕಳ ಸೈಕಲ್, ಹಾಲು ಹಾಕುವವರ ಹಳೇ ಸೈಕಲ್, ಎಲ್ಲವೂ ಬರುತ್ತವೆ. ಕಳೆದ ವರ್ಷ ಮೊದಲ ಸಲ ಒಂದು ರಿಕಂಬೆಂಟ್ ಬಂತು. ಕುರ್ಚಿಯಲ್ಲಿ ಒರಗಿದಂತೆ ಕುಳಿತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಸೈಕಲ್. ತಂದವರು ನಿವೃತ್ತ ಮೇಷ್ಟ್ರು. ಕುತ್ತಿಗೆ ನೋವಿನಿಂದ ಅವರು ಸೈಕಲ್ ಬಿಟ್ಟು ನಾಲ್ಕು ವರ್ಷ ಆಗಿತ್ತು. ಹೊರದೇಶದಲ್ಲಿರುವ ಮಗ ತಾನು ಓಡಿಸುತ್ತಿದ್ದ ಸೈಕಲನ್ನೇ ಬಿಚ್ಚಿ ಕಳಿಸಿದ್ದರು.

ಜೋಡಿಸಲು ಎರಡು ದಿನ ಹಿಡಿಯಿತು. ಪೆಡಲ್ ಮುಂದಿನ ಚಕ್ರಕ್ಕಿಂತಲೂ ಮುಂದೆ ಇರುತ್ತದೆ, ಹಾಗಾಗಿ ಚೈನ್ ಬಹಳ ಉದ್ದ. ಮೂರು ಚೈನ್ ಸೇರಿಸಿದೆ, ಕೊನೆಯದರಲ್ಲಿ ಸ್ವಲ್ಪ ಮಿಕ್ಕಿತು. ಅದು ಸೀಟಿನ ಕೆಳಗೆ ಒಂದು ಪುಟ್ಟ ರಾಟೆಯ ಮೇಲೆ ಹಾದು ಹೋಗುತ್ತದೆ. ಸ್ಟ್ಯಾಂಡಿಗೆ ಹಾಕಿ ತಿರುಗಿಸಿದೆ. ಗೇರ್ ಸರಾಗವಾಗಿ ಬೀಳುತ್ತಿತ್ತು, ಬ್ರೇಕ್ ಚೆನ್ನಾಗಿ ಹಿಡಿಯುತ್ತಿತ್ತು. "ಆಯ್ತು ಸಾರ್, ತಗೊಂಡು ಹೋಗಿ" ಎಂದೆ.

ಬೇರೆ ಯಾವ ಸೈಕಲ್ ಆದರೂ ಒಂದು ಸುತ್ತು ಓಡಿಸಿ ನೋಡದೆ ಕೊಡುವವನಲ್ಲ ನಾನು. ಇದನ್ನು ಓಡಿಸಲಿಲ್ಲ. ನನಗೆ ಓಡಿಸಲು ಬರುತ್ತಿರಲಿಲ್ಲ, ಅಷ್ಟೇ.

ಮೂರನೇ ದಿನ ಮೇಷ್ಟ್ರು ಮೊಣಕೈಗೆ ಬ್ಯಾಂಡೇಜ್ ಹಾಕಿಕೊಂಡು ಬಂದರು. ಸಿಗ್ನಲ್‌ನಲ್ಲಿ ಹೊರಡುವಾಗ ವಾಲಿ ಬಿದ್ದಿದ್ದರು. "ನಿಮ್ಮ ಕೆಲಸದಲ್ಲಿ ತಪ್ಪಿಲ್ಲಪ್ಪ, ನನಗೇ ವಯಸ್ಸಾಯ್ತು" ಎಂದರು. ಆ ಮಾತು ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. ಸೈಕಲನ್ನು ಗೋಡೆಗೆ ಒರಗಿಸಿ ಅವರನ್ನು ಕೂರಿಸಿದೆ. ಪೆಡಲ್ ಮುಟ್ಟಲು ಅವರು ಕಾಲ್ಬೆರಳು ಚಾಚಬೇಕಿತ್ತು, ಸೊಂಟ ಸೀಟಿನಲ್ಲಿ ಜಾರುತ್ತಿತ್ತು. ಪೆಡಲ್ ಹೊತ್ತಿರುವ ಮುಂದಿನ ಕೊಳವೆಗೆ ಬೂಮ್ ಅನ್ನುತ್ತಾರೆ. ಅದನ್ನು ಓಡಿಸುವವರ ಕಾಲಿಗೆ ತಕ್ಕಂತೆ ಹಿಂದೆ ಮುಂದೆ ಮಾಡಬೇಕು. ನಾನು ಕಣ್ಣಂದಾಜಿನಲ್ಲಿ ಎರಡು ಬೆರಳಿನಷ್ಟು ಜಾಸ್ತಿ ಬಿಟ್ಟಿದ್ದೆ. ಅಷ್ಟು ಸಾಕು. ಪ್ರತಿ ತುಳಿತಕ್ಕೂ ಸೊಂಟ ಆಡುತ್ತದೆ, ಅದರ ಜೊತೆ ಹ್ಯಾಂಡಲ್ ಆಡುತ್ತದೆ. ತಪ್ಪು ನನ್ನದೇ, ಹಾಗೆಂದು ಅವರಿಗೆ ಹೇಳಿದೆ. ಎರಡು ವಾರ ಸೈಕಲ್ ನನ್ನ ಹತ್ತಿರ ಬಿಡಿ, ನಾನು ಕಲಿತು ಆಮೇಲೆ ಕೊಡುತ್ತೇನೆ ಎಂದು ಕೇಳಿಕೊಂಡೆ.

ವಿಜಯನಗರ ನಾಲ್ಕನೇ ಹಂತದಲ್ಲಿ ಬೆಳಗ್ಗೆ ಆರಕ್ಕೆ ಖಾಲಿ ಇರುವ, ಸ್ವಲ್ಪವೇ ಇಳಿಜಾರಿನ ರಸ್ತೆ ಹುಡುಕಿದೆ. ಮೊದಲ ದಿನ ಹತ್ತು ಮೀಟರ್ ಕೂಡ ನೇರವಾಗಿ ಹೋಗಲಿಲ್ಲ. ಅಂಗೈ ಮೇಲೆ ಉದ್ದ ಕೋಲು ನಿಲ್ಲಿಸಿ ನೋಡಿ, ನಿಲ್ಲುತ್ತದೆ. ಪೆನ್ಸಿಲ್ ನಿಲ್ಲಿಸಿ, ತಕ್ಷಣ ಬೀಳುತ್ತದೆ. ಮೈಭಾರ ನೆಲಕ್ಕೆ ಹತ್ತಿರವಾದಷ್ಟೂ ವಾಲುವುದು ಬೇಗ, ಸರಿಮಾಡಿಕೊಳ್ಳಲು ಸಮಯ ಕಡಿಮೆ. ಮಾಮೂಲಿ ಸೈಕಲ್‌ನಲ್ಲಿ ಸೊಂಟ ಅಲ್ಲಾಡಿಸಿ ಸಂಭಾಳಿಸುತ್ತೇವೆ ಅಲ್ವಾ, ಇಲ್ಲಿ ಬೆನ್ನು ಸೀಟಿಗೆ ಅಂಟಿಕೊಂಡಿರುತ್ತದೆ. ಉಳಿಯುವುದು ಹ್ಯಾಂಡಲ್ ಮಾತ್ರ. ಭಯಕ್ಕೆ ಅದನ್ನೇ ಬಿಗಿಯಾಗಿ ಹಿಡಿಯುತ್ತೇವೆ, ಹಿಡಿದಷ್ಟೂ ಹಾವಿನಂತೆ ಹರಿಯುತ್ತದೆ.

ಪೆಡಲ್ ಬಿಟ್ಟು, ಸುಮ್ನೆ ಇಳಿಜಾರಿನಲ್ಲಿ ಕಾಲು ನೆಲದ ಹತ್ತಿರ ಇಟ್ಟುಕೊಂಡು ಜಾರಿದೆ. ಎರಡು ದಿನ ಅದೇ ಕೆಲಸ. ಭುಜ ಸಡಿಲ ಬಿಟ್ಟು, ತಲೆ ಹಿಂದಕ್ಕೆ ಒರಗಿಸಿ, ಎದುರಿನ ಚಕ್ರ ನೋಡದೆ ದೂರದ ಲೈಟ್ ಕಂಬ ನೋಡಿದಾಗ ಸೈಕಲ್ ತಾನಾಗಿ ನೆಟ್ಟಗಾಯಿತು. ಬೆರಳ ತುದಿಯಲ್ಲಿ ಹಿಡಿದರೆ ಸಾಕು. ಇದನ್ನು ಓದಿ ತಿಳಿಯಲು ಆಗುವುದಿಲ್ಲ, ಕೈಗೇ ಗೊತ್ತಾಗಬೇಕು.

ಹೊರಡುವುದೇ ನಿಜವಾದ ಕಷ್ಟ. ಬ್ರೇಕ್ ಹಿಡಿದು, ಬಲಗಾಲಿನ ಪೆಡಲನ್ನು ಮೇಲಕ್ಕೆ ತಂದು, ಬೆನ್ನನ್ನು ಸೀಟಿಗೆ ಒತ್ತಬೇಕು. ಬ್ರೇಕ್ ಬಿಟ್ಟು ಒಂದೇ ಸಲ ಜೋರಾಗಿ ತಳ್ಳಬೇಕು. ಮೆಲ್ಲಗೆ ತಳ್ಳಿದರೆ ಬೀಳುತ್ತೀರಿ. ಎಡಗಾಲು ನೆಲ ಬಿಟ್ಟು ಪೆಡಲ್ ಸಿಗುವವರೆಗೆ ಆ ಒಂದು ತಳ್ಳುವಿಕೆಯೇ ಸೈಕಲನ್ನು ಒಯ್ಯಬೇಕು. ತೀರಾ ಹಗುರ ಗೇರ್ ಆದರೆ ತಳ್ಳಿದ್ದು ಬೇಗ ಮುಗಿದುಹೋಗುತ್ತದೆ, ಭಾರದ ಗೇರ್ ಆದರೆ ಸೈಕಲ್ ಕದಲುವುದೇ ಇಲ್ಲ. ನಿಂತ ಮೇಲೆ ಗೇರ್ ಬೀಳುವುದಿಲ್ಲ, ಆದ್ದರಿಂದ ಸಿಗ್ನಲ್ ಕಂಡ ಕೂಡಲೇ ಇಳಿಸಿಕೊಳ್ಳಬೇಕು. ಮೇಷ್ಟ್ರು ಬಿದ್ದದ್ದು ಇಲ್ಲೇ. ಭಾರದ ಗೇರ್‌ನಲ್ಲೇ ನಿಂತಿದ್ದರು, ನಾನು ಹೇಳಿಕೊಟ್ಟಿರಲಿಲ್ಲ.

ಎರಡನೇ ವಾರ ಬೆಳಬೆಳಗ್ಗೆ ಲಲಿತಮಹಲ್ ರಸ್ತೆಗೆ ಹೋದೆ. ವೇಗ ಬಂದ ಮೇಲೆ ಎಷ್ಟು ಹಾಯಾಗಿರುತ್ತದೆ ಗೊತ್ತಾ! ಕುತ್ತಿಗೆ, ಮಣಿಕಟ್ಟು ಎಲ್ಲೂ ನೋವಿಲ್ಲ, ಚಾಮುಂಡಿ ಬೆಟ್ಟ ಪೂರ್ತಿ ಕಣ್ಣ ಮುಂದೆ. ಎದುರುಗಾಳಿಯೂ ಕಡಿಮೆ ತಾಗುತ್ತದೆ. 1933ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಇಂಥದ್ದೇ ಒರಗು ಸೈಕಲ್‌ನಲ್ಲಿ ಒಂದು ಗಂಟೆಗೆ 45 ಕಿಲೋಮೀಟರ್ ದಾಟಿ, 1914ರಿಂದ ಯಾರೂ ಮುರಿಯದ ದಾಖಲೆ ಮುರಿದರಂತೆ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಇವನ್ನು ರೇಸ್‌ನಿಂದ ಹೊರಗಿಟ್ಟಿತು. ಇದನ್ನು ಹೇಳಿದ್ದು ಮೇಷ್ಟ್ರೇ. ಅನ್ಯಾಯ ಅಂತಲೇ ನನಗೆ ಅನಿಸುತ್ತದೆ.

ಏರಿನಲ್ಲಿ ಎದ್ದು ನಿಂತು ತುಳಿಯಲು ಆಗುವುದಿಲ್ಲ, ಹಗುರ ಗೇರ್ ಹಾಕಿ ತಾಳ್ಮೆಯಿಂದ ತುಳಿಯಬೇಕು. ಹಂಪ್ ಬಂದಾಗ ಸೀಟಿನಿಂದ ಮೇಲೇಳಲೂ ಆಗುವುದಿಲ್ಲ. ಬಣ್ಣ ಹಚ್ಚದ ಹಂಪ್ ಒಂದರಲ್ಲಿ ಬೆನ್ನಿಗೆ ಪೆಟ್ಟು ಬಿತ್ತು. ಸಣ್ಣ ತಿರುವಿನಲ್ಲಿ ಹಿಮ್ಮಡಿ ಮುಂದಿನ ಚಕ್ರಕ್ಕೆ ತಾಗುತ್ತದೆ, ಅಲ್ಲಿ ತುಳಿಯುವುದು ನಿಲ್ಲಿಸಬೇಕು. ಬಸ್ಸಿನವರಿಗೆ ಕಾಣಲಿ ಎಂದು ಹಿಂದೆ ಉದ್ದ ಕೋಲಿಗೆ ಕೇಸರಿ ಬಾವುಟ ಕಟ್ಟಿದೆ, ಎರಡೂ ಕಡೆ ಕನ್ನಡಿ ಹಾಕಿದೆ.

ಮೇಷ್ಟ್ರಿಗೆ ಅದೇ ವಿಜಯನಗರದ ರಸ್ತೆಯಲ್ಲಿ ಕಲಿಸಿದೆ. ಹ್ಯಾಂಡಲ್ ಮುಟ್ಟದೆ ಪಕ್ಕದಲ್ಲಿ ಓಡಿದೆ. "ಕಂಬ ನೋಡಿ ಸಾರ್, ಕಂಬ ನೋಡಿ" ಅಂತ ಕೂಗುತ್ತಲೇ ಇದ್ದೆ. ನಾಲ್ಕನೇ ಬೆಳಗ್ಗೆ ಅವರು ನನ್ನನ್ನು ಹಿಂದೆ ಬಿಟ್ಟು ರಸ್ತೆಯ ತುದಿವರೆಗೆ ಹೋಗಿ, ತಿರುಗಿಸಿಕೊಂಡು, ಕಾಲು ಊರದೆ ವಾಪಸ್ ಬಂದರು. ನನಗೆ ಕಣ್ಣು ತುಂಬಿ ಬಂತು.

ಈಗ ಅವರು ವಾರಕ್ಕೆ ಮೂರು ದಿನ ಕುಕ್ಕರಹಳ್ಳಿ ಕೆರೆ ಕಡೆಯ ರಸ್ತೆಯಲ್ಲಿ ಓಡಿಸುತ್ತಾರೆ. ಬೂಮ್ ಮೇಲೆ ಅವರ ಕಾಲಿನ ಅಳತೆಗೆ ಒಂದು ಬಿಳಿ ಗೆರೆ ಎಳೆದಿದ್ದೇನೆ. ಮುಂದಿನ ತಿಂಗಳು ಸರ್ವಿಸ್‌ಗೆ ಬರುತ್ತಾರೆ. ಗೆರೆ ಅಲ್ಲೇ ಇದೆಯಾ ಎಂದು ಮೊದಲು ಅದನ್ನೇ ನೋಡಬೇಕು, ಆಮೇಲೆ ಒಂದು ಸುತ್ತು ಹೋಗಿ ಬರಬೇಕು.